ಗೃಹ ಸಮುದ್ರ ಅಕ್ವೇರಿಯಂಗಳಲ್ಲಿ ಸಂಪು ಮತ್ತು ರೆಫ್ಯೂಜಿಯಂ ಬಳಕೆ: ಮಲೆನಾಡು ಭಾಗದ ಸಾರ್ವಜನಿಕರಿಗೆ ಮಾಹಿತಿ

ಕೊಪ್ಪ ತಾಲ್ಲೂಕಿನ ಭಂಡಿಗಡಿ ಹಾಗೂ ಸುತ್ತಮುತ್ತಲಿನ ಗ್ರಾಮಗಳಲ್ಲಿ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಉಪ್ಪುನೀರಿನ ಅಲಂಕಾರಿಕ ಮೀನುಗಳನ್ನು ಮನೆಯಲ್ಲಿ ಸಾಕಲು ಬಯಸುವವರ ಉಪಯೋಗಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಹವಳದ ಬಗ್ಗೆ ಮೊದಲು ತಿಳಿಯಬೇಕಾದದ್ದು

ದಿಬ್ಬ ಕಟ್ಟುವ ಎಲ್ಲಾ ಗಟ್ಟಿ ಹವಳಗಳನ್ನು 2001ರಲ್ಲಿ ವನ್ಯಜೀವಿ (ಸಂರಕ್ಷಣಾ) ಕಾಯ್ದೆ, 1972ರ ಮೊದಲನೇ ಅನುಸೂಚಿಗೆ ಸೇರಿಸಲಾಗಿದೆ. ಇವುಗಳನ್ನು ಸಂಗ್ರಹಿಸುವುದು ಮತ್ತು ಮಾರುವುದು ಶಿಕ್ಷಾರ್ಹ ಅಪರಾಧವಾಗಿದ್ದು, ಸತ್ತ ಹವಳದ ತುಂಡಿಗೂ ಇದು ಅನ್ವಯಿಸುತ್ತದೆ. ಮುರ್ಡೇಶ್ವರದ ಸಮೀಪದ ನೇತ್ರಾಣಿ ದ್ವೀಪದ ಸುತ್ತಲಿನ ಹವಳಕ್ಕೂ ಇದೇ ರಕ್ಷಣೆಯಿದೆ. ಆದ್ದರಿಂದ ಅಂಗಡಿಯವರು "ಅನುಮತಿ ಇದೆ" ಎಂದು ಹೇಳಿದ ಮಾತ್ರಕ್ಕೆ ಖರೀದಿಸಬಾರದು. ಮೀನುಗಳು, ಸೆರಾಮಿಕ್ ಕಲ್ಲು ಮತ್ತು ಪಾಚಿಗಳಿಂದಲೇ ಸುಂದರವಾದ ತೊಟ್ಟಿಯನ್ನು ರೂಪಿಸಬಹುದು. ಕ್ಲೌನ್ ಮೀನುಗಳ ಮರಿ ಉತ್ಪಾದನಾ ತಂತ್ರವನ್ನು ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯು ಅಭಿವೃದ್ಧಿಪಡಿಸಿರುವುದರಿಂದ, ಹ್ಯಾಚರಿಯಲ್ಲಿ ಬೆಳೆದ ಮರಿಗಳಿಗೆ ಆದ್ಯತೆ ನೀಡುವುದು ಸೂಕ್ತ.

ಸಂಪು ಎಂದರೇನು

ಇಲ್ಲಿ ಸಂಪು ಎಂದರೆ ಮನೆಯ ಅಂಗಳದಲ್ಲಿ ಕುಡಿಯುವ ನೀರಿಗಾಗಿ ಕಟ್ಟಿಸುವ ಸಂಪು ಅಲ್ಲ. ಇದು ಅಕ್ವೇರಿಯಂನ ಕೆಳಗೆ, ಸ್ಟ್ಯಾಂಡಿನ ಒಳಗೆ ಇರಿಸುವ ಎರಡನೇ ತೊಟ್ಟಿ. ಮೇಲಿನ ತೊಟ್ಟಿಯಿಂದ ತುಂಬಿ ಹೊರಬೀಳುವ ನೀರು ಕೊಳವೆಯ ಮೂಲಕ ಸಂಪಿಗೆ ಇಳಿದು, ಶುದ್ಧಗೊಂಡು, ಪಂಪಿನ ಮೂಲಕ ಮತ್ತೆ ಮೇಲಕ್ಕೆ ಹೋಗುತ್ತದೆ. ಪ್ರೋಟೀನ್ ಸ್ಕಿಮ್ಮರ್, ಹೀಟರ್ ಮೊದಲಾದ ಉಪಕರಣಗಳನ್ನು ಇದರಲ್ಲಿ ಮರೆಯಾಗಿಡಬಹುದು; ಒಟ್ಟು ನೀರಿನ ಪ್ರಮಾಣವೂ ಹೆಚ್ಚುತ್ತದೆ.

ವಿದ್ಯುತ್ ಕಡಿತ ಮತ್ತು ಸಂಪಿನ ಅಳತೆ

ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿಯುವುದು ಈ ಭಾಗದಲ್ಲಿ ಹೊಸದೇನಲ್ಲ. ವಿದ್ಯುತ್ ನಿಂತ ಕೂಡಲೇ ಪಂಪು ನಿಲ್ಲುತ್ತದೆ, ಆದರೆ ನೀರು ಇಳಿಯುವುದು ತಕ್ಷಣ ನಿಲ್ಲುವುದಿಲ್ಲ. ಆದ್ದರಿಂದ ಸಂಪಿನಲ್ಲಿ ಖಾಲಿ ಬಿಡುವ ಜಾಗವನ್ನೇ ಮೊದಲು ಲೆಕ್ಕ ಹಾಕತಕ್ಕದ್ದು.

ಉದಾಹರಣೆಗೆ, ಮೇಲಿನ ತೊಟ್ಟಿಯ ಉದ್ದ 120 ಸೆಂ.ಮೀ., ಅಗಲ 45 ಸೆಂ.ಮೀ. ಇದ್ದು, ನೀರಿನ ಮಟ್ಟ 3 ಸೆಂ.ಮೀ. ಇಳಿದರೆ 16.2 ಲೀಟರ್ ನೀರು ಕೆಳಗೆ ಬರುತ್ತದೆ. ಕೊಳವೆಗಳಲ್ಲಿರುವ ನೀರನ್ನೂ ಸೇರಿಸಿ 25 ಲೀಟರ್ ಎಂದು ಇಟ್ಟುಕೊಳ್ಳುವುದು ಕ್ಷೇಮ. 75 ಸೆಂ.ಮೀ. ಉದ್ದ, 35 ಸೆಂ.ಮೀ. ಅಗಲದ ಸಂಪಿನಲ್ಲಿ ಇದಕ್ಕೆ ಸುಮಾರು 9.5 ಸೆಂ.ಮೀ. ಎತ್ತರ ಬೇಕಾಗುವುದರಿಂದ 12 ಸೆಂ.ಮೀ. ಖಾಲಿ ಬಿಡುವುದು ಉತ್ತಮ.

ನೀರು ಮೇಲೇರುವ ಕೊಳವೆಯ ಬಾಯಿ ಮೇಲಿನ ತೊಟ್ಟಿಯ ಆಳದಲ್ಲಿದ್ದರೆ ಸೈಫನ್ ಕ್ರಿಯೆಯಿಂದ ನೀರು ಆ ಬಾಯಿಯ ಮಟ್ಟದವರೆಗೂ ಹಿಂದಕ್ಕೆ ಹರಿಯುತ್ತದೆ. ಆದ್ದರಿಂದ ಬಾಯಿಯನ್ನು ನೀರಿನ ಮೇಲ್ಮಟ್ಟದ ಹತ್ತಿರವೇ ಇರಿಸಿ, ಅದಕ್ಕೆ ಸಣ್ಣ ರಂಧ್ರವನ್ನೂ ಕೊರೆಯಬೇಕು. ಒಮ್ಮುಖ ವಾಲ್ವ್ ಒಂದನ್ನೇ ನಂಬುವಂತಿಲ್ಲ; ಸುಣ್ಣದಂಶ ಕಟ್ಟಿಕೊಂಡು ಅದು ಪೂರ್ಣವಾಗಿ ಮುಚ್ಚದೇ ಹೋಗಬಹುದು. ಇಳಿಯುವ ಕೊಳವೆ ಕಟ್ಟಿಕೊಂಡರೆ ಇದರ ವಿರುದ್ಧ ತೊಂದರೆ ಉಂಟಾಗುತ್ತದೆ: ಪಂಪಿನ ಕೋಣೆಯ ನೀರೆಲ್ಲ ಮೇಲೇರಿ ನೆಲಕ್ಕೆ ಚೆಲ್ಲಬಹುದು. ಮೀನು ಬಿಡುವ ಮೊದಲೇ ಪಂಪನ್ನು ಆರಿಸಿ, ಮತ್ತೆ ಹಾಕಿ, ಎರಡು ಮೂರು ಬಾರಿ ಪರೀಕ್ಷಿಸತಕ್ಕದ್ದು. ದೀರ್ಘ ಕಡಿತಕ್ಕೆ ಬ್ಯಾಟರಿ ಚಾಲಿತ ಗಾಳಿ ಪಂಪು ಮನೆಯಲ್ಲಿರಲಿ.

ರೆಫ್ಯೂಜಿಯಂ

ಸಂಪಿನ ಒಂದು ಕೋಣೆಯಲ್ಲಿ ನೀರಿನ ವೇಗ ತಗ್ಗಿಸಿ, ಕೀಟೋಮಾರ್ಫಾದಂತಹ ಸಮುದ್ರ ಪಾಚಿ ಬೆಳೆಸಿದರೆ ಅದು ರೆಫ್ಯೂಜಿಯಂ ಎನಿಸುತ್ತದೆ. ಮೀನು ತಿಂದುಬಿಡದ ಕಾರಣ ಕೋಪೆಪಾಡ್‌ನಂತಹ ಸೂಕ್ಷ್ಮ ಜೀವಿಗಳು ಇಲ್ಲಿ ವೃದ್ಧಿಸಿ, ನೀರಿನೊಂದಿಗೆ ಮೇಲೆ ಹೋಗಿ ಮೀನಿಗೆ ಆಹಾರವಾಗುತ್ತವೆ. ಪಾಚಿಯು ನೈಟ್ರೇಟ್ ಮತ್ತು ಫಾಸ್ಫೇಟನ್ನು ಹೀರುತ್ತದೆಯಾದರೂ, ಬೆಳೆದ ಪಾಚಿಯನ್ನು ಆಗಾಗ್ಗೆ ಕಿತ್ತು ಹೊರಹಾಕಿದಾಗ ಮಾತ್ರ ಅವು ತೊಟ್ಟಿಯಿಂದ ಹೋದಂತಾಗುತ್ತದೆ. ಇದರ ದೀಪವನ್ನು ರಾತ್ರಿ, ಮೇಲಿನ ತೊಟ್ಟಿಯ ದೀಪ ಆರಿರುವಾಗ ಉರಿಸಿದರೆ ನೀರಿನ ಪಿಎಚ್ ಹೆಚ್ಚು ಇಳಿಯುವುದಿಲ್ಲ. ಮಿತಿಮೀರಿ ಆಹಾರ ಹಾಕುವವರಿಗೆ ಯಾವ ರೆಫ್ಯೂಜಿಯಂ ಕೂಡ ಸಾಲದು.

ನೀರು ಮತ್ತು ಮೈಲುತುತ್ತ

ಉಪ್ಪಿನಂಶ ಲೀಟರಿಗೆ ಸುಮಾರು 35 ಗ್ರಾಂ ಇರಬೇಕು. ನೀರು ಆವಿಯಾದಾಗ ಉಪ್ಪು ಉಳಿಯುವುದರಿಂದ, ಪಂಪಿನ ಕೋಣೆಯಲ್ಲಿ ಕಡಿಮೆಯಾದಷ್ಟು ಸಿಹಿನೀರನ್ನು ಮಾತ್ರ ತುಂಬಬೇಕು. ಮಲ್ಪೆ ಮುಂತಾದ ಕಡೆಗಳಿಂದ ಸಮುದ್ರದ ನೀರು ತರುವವರು ಮಳೆಗಾಲದಲ್ಲಿ ತರಬಾರದು. ಹೊಳೆಗಳ ನೀರು ಸೇರಿ ಅದರ ಉಪ್ಪಿನಂಶ ತಗ್ಗಿರುತ್ತದೆ.

ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತ, ಅಂದರೆ ತಾಮ್ರವಿದೆ. ಸಿಗಡಿ, ಶಂಖದ ಹುಳು ಹಾಗೂ ರೆಫ್ಯೂಜಿಯಂನ ಸೂಕ್ಷ್ಮ ಜೀವಿಗಳಿಗೆ ಅಲ್ಪ ಪ್ರಮಾಣದ ತಾಮ್ರವೂ ಮಾರಕ. ಸಿಂಪಡಣೆಗೆ ಬಳಸಿದ ಡ್ರಮ್ಮು, ಬಕೆಟ್ಟು, ಪೈಪುಗಳನ್ನು ಎಷ್ಟೇ ತೊಳೆದರೂ ಅಕ್ವೇರಿಯಂಗೆ ಉಪಯೋಗಿಸಬಾರದು. ಸಿಂಪಡಣೆಯ ದಿನಗಳಲ್ಲಿ ತೋಟದ ಪಕ್ಕದ ಸೂರಿನ ನೀರನ್ನೂ ಹಿಡಿಯಬಾರದು.

ಬದಲಾಯಿಸಿದ ಉಪ್ಪುನೀರನ್ನು ತೋಟಕ್ಕೆ, ಬಾವಿಯ ಬಳಿ ಅಥವಾ ತುಂಗೆಗೆ ಸೇರುವ ಹಳ್ಳಗಳಿಗೆ ಚೆಲ್ಲಬಾರದು. ಬಚ್ಚಲ ನೀರು ಬಾಳೆ, ಅಡಿಕೆಯ ಬುಡಕ್ಕೆ ಹರಿಯುವ ಮನೆಗಳಲ್ಲಿ ಬಚ್ಚಲಿಗೂ ಬಿಡುವಂತಿಲ್ಲ. ಕಿತ್ತ ಪಾಚಿಯನ್ನು ಬಿಸಿಲಿಗೆ ಒಣಗಿಸಿ ವಿಲೇವಾರಿ ಮಾಡಬೇಕು. ಸಮುದ್ರಕ್ಕೆ ಮರಳಿ ಎಸೆಯಕೂಡದು. 1984ರಲ್ಲಿ ಮೊನಾಕೊ ತೀರದಲ್ಲಿ ಕಂಡುಬಂದ ಅಕ್ವೇರಿಯಂನ ಕಾಲೆರ್ಪಾ ಪಾಚಿಯು ಮುಂದೆ ಮೆಡಿಟರೇನಿಯನ್ ಸಮುದ್ರದ ವಿಸ್ತಾರ ಪ್ರದೇಶಕ್ಕೆ ಹರಡಿತು.

ಸಹಾಯಧನ

2020ರಲ್ಲಿ ಆರಂಭಗೊಂಡ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಡಿ ಅಲಂಕಾರಿಕ ಮೀನು ಸಾಕಣೆ ಘಟಕಗಳಿಗೆ ಸಾಮಾನ್ಯ ವರ್ಗದವರಿಗೆ ಶೇ. 40, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಹಾಗೂ ಮಹಿಳೆಯರಿಗೆ ಶೇ. 60ರಷ್ಟು ಸಹಾಯಧನ ನಿಗದಿಪಡಿಸಲಾಗಿತ್ತು. ಇದು ಜೀವನೋಪಾಯದ ಘಟಕಗಳಿಗೆ ಉದ್ದೇಶಿಸಿದ್ದೇ ಹೊರತು ಮನೆಯ ಹವ್ಯಾಸದ ತೊಟ್ಟಿಗಲ್ಲ. ಘಟಕ ಸ್ಥಾಪಿಸಲು ಇಚ್ಛಿಸುವವರು ಅರ್ಜಿ ಸಲ್ಲಿಸುವ ಮುನ್ನ, ಆಯಾ ವರ್ಷ ಲಭ್ಯವಿರುವ ಯೋಜನೆಗಳ ವಿವರವನ್ನು ಮೀನುಗಾರಿಕೆ ಇಲಾಖೆಯ ಸಂಬಂಧಪಟ್ಟ ಕಚೇರಿಯಲ್ಲಿ ಪಡೆಯುವುದು. ಹವಳ ಮತ್ತಿತರ ಸಂರಕ್ಷಿತ ಜೀವಿಗಳ ಕುರಿತ ವಿಚಾರಣೆಗೆ ಅರಣ್ಯ ಇಲಾಖೆಯನ್ನು ಸಂಪರ್ಕಿಸುವುದು.