ಯಾರಿಗೆ ಮಾರಿದೆ, ಎಷ್ಟು ಹೊತ್ತಿಗೆ ಮಾರಿದೆ: ದಂಡಿನ ಮದ್ಯದಂಗಡಿ ಮೊಕದ್ದಮೆಗಳು

ಬೆಂಗಳೂರು ದಂಡಿನಲ್ಲಿ (ಕಂಟೋನ್ಮೆಂಟ್) ಮದ್ಯದಂಗಡಿಯವನ ಮೇಲಿನ ಆರೋಪ ಆಳುವವರ ಭಯಕ್ಕೆ ತಕ್ಕಂತೆ ಬದಲಾಗಿದೆ. ಮೊದಲು ಯಾರಿಗೆ ಮಾರಿದೆ ಎಂದು ಕೇಳಿದರು. ಆಮೇಲೆ ಸುಂಕ ಕಟ್ಟಿದೆಯಾ ಎಂದರು. ಈಗ ಎಲ್ಲಿ, ಎಷ್ಟು ಹೊತ್ತಿಗೆ ಎನ್ನುತ್ತಾರೆ.

1809ರಲ್ಲಿ ದಂಡು ಇಲ್ಲಿ ನೆಲೆಯೂರಿತು. ಸಿಪಾಯಿ ಕುಡಿದು ಕೆಟ್ಟರೆ ಸೈನ್ಯ ಕೆಟ್ಟೀತೆಂಬುದು ಆಗಿನ ಚಿಂತೆ. ಅಪ್ಪಣೆಯಿಲ್ಲದೆ ಸೈನಿಕನಿಗೆ ಮದ್ಯ ಕೊಡುವುದನ್ನು 1924ರ ಕಂಟೋನ್ಮೆಂಟ್ ಕಾಯಿದೆಯೂ ಅಪರಾಧವೆಂದೇ ಎಣಿಸಿತು. 1881ರಲ್ಲಿ ಮೈಸೂರು ಒಡೆಯರ ಕೈಗೆ ಮರಳಿದರೂ ದಂಡು ಬ್ರಿಟಿಷ್ ರೆಸಿಡೆಂಟರ ಬಳಿಯೇ ಉಳಿಯಿತು. ಹಾಗಾಗಿ ಸುಂಕದ ವಿಚಾರದಲ್ಲಿ ಪೇಟೆಗೆ ಮೈಸೂರಿನ ಅಬಕಾರಿ ಕಾನೂನು, ದಂಡಿಗೆ ಬೇರೆ ಆಡಳಿತ. ಈ ಇಬ್ಬಗೆ ಮುಗಿದದ್ದು 1947ರ ಜುಲೈನಲ್ಲಿ.

ಯಾವ ಹೊತ್ತಿಗೆ ಮಾರಿದೆ ಎಂಬ ಪ್ರಶ್ನೆ ಬೇರೆಡೆ ಆಗಲೇ ಎದ್ದಿತ್ತು. ವೇಲ್ಸ್‌ನಲ್ಲಿ 1881ರಲ್ಲೇ ಭಾನುವಾರ ಪಬ್ ಮುಚ್ಚಿಸಿದ್ದರು. 1896ರಲ್ಲಿ ನ್ಯೂಯಾರ್ಕ್ ರಾಜ್ಯ ಭಾನುವಾರದ ಮಾರಾಟವನ್ನು ಹೋಟೆಲುಗಳಿಗಷ್ಟೇ ಬಿಟ್ಟಾಗ, ಸಲೂನಿನವರು ಮಹಡಿಯಲ್ಲಿ ಹತ್ತು ಕೋಣೆ ಕಟ್ಟಿ ಹೋಟೆಲ್ ಬೋರ್ಡು ಹಾಕಿಕೊಂಡರು. ನಮ್ಮಲ್ಲಿ ಹೋಟೆಲುಗಳಿಗೆ ಕೊಡುವ ಸಿಎಲ್-7 ಸನ್ನದೂ ಕೋಣೆಗಳ ಲೆಕ್ಕದ ಮೇಲೆಯೇ ನಿಂತಿದೆ.

ಕರ್ನಾಟಕದ 1965ರ ಅಬಕಾರಿ ಕಾಯಿದೆಗೆ ಮಾತ್ರ ಭಾನುವಾರವೂ ಉಳಿದ ದಿನಗಳಂತೆಯೇ. ಇಲ್ಲಿ ಬಾಗಿಲು ಮುಚ್ಚಿಸುವುದು ಗಾಂಧಿ ಜಯಂತಿ, ಮತದಾನ ಮುಗಿಯುವ ಹೊತ್ತಿಗೆ ಮುಂಚಿನ 48 ಗಂಟೆ, ಗಣೇಶ ವಿಸರ್ಜನೆಯ ಮೆರವಣಿಗೆ. ಮೆರವಣಿಗೆ ಹೋಗುವ ಠಾಣಾ ವ್ಯಾಪ್ತಿಗಳನ್ನು ಹೆಸರಿಸಿ ಪೊಲೀಸ್ ಆಯುಕ್ತರ ಆದೇಶ ಹೊರಡುತ್ತದೆ. ಆಗ ಮಾರಿದವನ ಸನ್ನದಿಗೇ ಕುತ್ತು. ಆದರೂ ಸನ್ನದು ಷರತ್ತು ಮುರಿದ ಪ್ರಕರಣಗಳನ್ನು ದಂಡ ಕಟ್ಟಿಸಿಕೊಂಡು ರಾಜಿಯಲ್ಲಿ ಮುಗಿಸಲು ಕಾಯಿದೆಯೇ ದಾರಿ ಕೊಟ್ಟಿದೆ.

ಮದ್ಯ ಮಾರುವುದು ಮೂಲಭೂತ ಹಕ್ಕಲ್ಲವೆಂದು ಖೋಡೆ ಡಿಸ್ಟಿಲರೀಸ್ ಪ್ರಕರಣದಲ್ಲಿ 1994ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಆ ಮಾತಿನ ಬಿಸಿ 2017ರಲ್ಲಿ ತಟ್ಟಿತು. ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯ ಕೂಡದೆಂಬ ಆದೇಶದಿಂದ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆ, ಇಂದಿರಾನಗರದ ಬಾರುಗಳು ಜುಲೈ 1ರಿಂದ ಬಾಗಿಲು ಹಾಕಿದವು. ನಗರ ವ್ಯಾಪ್ತಿಯ ಸನ್ನದುದಾರರಿಗೆ ಅಡ್ಡಿಯಿಲ್ಲವೆಂದು ಅದೇ ತಿಂಗಳು ಕೋರ್ಟ್ ಸ್ಪಷ್ಟಪಡಿಸಿತು. ಒಂದು ಬಾಟಲಿಯೂ ಜಾಗ ಬದಲಿಸದೆ ಅಪರಾಧ ಹುಟ್ಟಿತು, ಹೋಯಿತು.

ಜೀವ ತೆಗೆದ ಮದ್ಯದ ಕಥೆಯೇ ಬೇರೆ. 2007ರ ಜುಲೈನಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿತು. ಮರುವರ್ಷ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ, ತಮಿಳುನಾಡಿನ ಕೃಷ್ಣಗಿರಿ ಭಾಗದಲ್ಲಿ ಕಳ್ಳಭಟ್ಟಿ ಕುಡಿದು ನೂರೈವತ್ತಕ್ಕೂ ಹೆಚ್ಚು ಜನ ಸತ್ತರು. ಅದನ್ನು ಮಾರಿದವರಿಗೆ ಸನ್ನದೂ ಇರಲಿಲ್ಲ, ಮುಚ್ಚಿಸಲು ಬಾಗಿಲೂ ಇರಲಿಲ್ಲ. ಹೊತ್ತು ಮೀರಿ ತೆರೆದ ಬಾರಿನ ಮೇಲೆ ಕೇಸು ಹಾಕುವುದು ಸುಲಭ, ಅದಕ್ಕೊಂದು ವಿಳಾಸವಿದೆ. ಈ ಮೊಕದ್ದಮೆಗಳ ಸಂಖ್ಯೆಯಿಂದ ಊರಿನ ಕುಡಿತದ ಅಪಾಯ ಅಳೆಯಹೊರಟರೆ ಲೆಕ್ಕ ತಪ್ಪುವುದು ಅಲ್ಲಿಯೇ.