ಬರಿ ಉಡಿಯ ಚರಿತ್ರೆ

ಕಿತ್ತೂರಿನ ದೊರೆ ಶಿವಲಿಂಗರುದ್ರಸರ್ಜ 1824ರ ಸೆಪ್ಟೆಂಬರಿನಲ್ಲಿ ಮಕ್ಕಳಿಲ್ಲದೆ ಸತ್ತ. ಸಾಯುವ ಮೊದಲು ತಗೊಂಡ ದತ್ತುಮಗನನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಅಕ್ಟೋಬರ್ 23ಕ್ಕೆ ಕಿತ್ತೂರಿನಲ್ಲಿ ಥ್ಯಾಕರೆಯ ಹೆಣ ಬಿತ್ತು. ನರಗುಂದದ ಬಾಬಾಸಾಹೇಬನಿಗೂ ವಾರಸುದಾರನಿರಲಿಲ್ಲ, ದತ್ತಕಕ್ಕೆ ಕಂಪನಿ ಸರಕಾರ ಒಪ್ಪಿಗೆ ಕೊಡಲಿಲ್ಲ. 1858ರಲ್ಲಿ ಆತ ಬಂಡೆದ್ದ, ಬೆಳಗಾವಿಯಲ್ಲಿ ಗಲ್ಲಿಗೇರಿದ. ನಮ್ಮ ಸೀಮೆಯ ಎರಡು ದೊಡ್ಡ ಬಂಡಾಯಗಳ ಬುಡದಲ್ಲಿ ತೂಗದ ತೊಟ್ಟಿಲು ಇದೆ. ಸಾಲಿಯಲ್ಲಿ ನಾವು ಇದನ್ನೆಲ್ಲ ಬಾಯಿಪಾಠ ಮಾಡಿ ಮಾರ್ಕ್ಸು ತಗೊಂಡವರು.

ಅರಮನೆಯ ಬರಿ ತೊಟ್ಟಿಲಿಗೆ ಚರಿತ್ರೆ ಉಂಟು. ಗುಡಗೇರಿಯ ಎರಿ ಹೊಲದಲ್ಲಿ ಕಳೆ ತೆಗೆದ, ಹತ್ತಿ ಬಿಡಿಸಿದ, ಮೆಣಸಿನಕಾಯಿ ಹರಿದ ಹೆಣ್ಣಾಳಿನ ಬರಿ ಉಡಿಗೆ ಏನುಂಟು? ಒಂದು ಬೈಗುಳ. ಗೊಡ್ಡಿ! ಗಬ್ಬ ಕಟ್ಟದ ಎಮ್ಮೆಯನ್ನೂ ಗೊಡ್ಡು ಅಂತಲೇ ಕರೀತಾರ. ಗೊಡ್ಡೆಮ್ಮೆಯನ್ನು ಸಂತಿಗೆ ಹೊಡೆದರು, ಗೊಡ್ಡಿಯ ಮ್ಯಾಲೆ ಸವತಿ ತಂದರು. ಕುಬಸಕ್ಕೆ ಆಕಿನ್ನ ಕರೆಯಲಿಲ್ಲ, ತೊಟ್ಟಿಲಿಗೆ ಕೈ ಹಚ್ಚಗೊಡಲಿಲ್ಲ. ಗಂಡಸಿಗೆ ಇಂಥ ಹೆಸರು ಯಾಕಿಲ್ಲ ಅಂತ ಯಾರೂ ಕೇಳಲಿಲ್ಲ.

ಪುಸ್ತಕದ ಮಾತು ಬಂಜೆ. ಇದು ಸಂಸ್ಕೃತದ ‘ವಂಧ್ಯಾ’ದಿಂದ ಬಂದದ್ದು. ಸುಶ್ರುತ ಸಂಹಿತೆ ಹೆಂಗಸಿನ ಇಪ್ಪತ್ತು ಯೋನಿರೋಗಗಳನ್ನು ಎಣಿಸುವಾಗ ವಂಧ್ಯೆಯನ್ನೂ ಸೇರಿಸುತ್ತದೆ. ಮುಟ್ಟು ನಷ್ಟವಾದವಳು ಎಂದು ಅರ್ಥ ಹೇಳುತ್ತದೆ. ಅಂದರೆ ವೈದ್ಯನಿಗೆ ಅದು ಒಂದು ರೋಗದ ಹೆಸರು. ಗಂಡಿನ ಬೀಜಕ್ಕೂ ದೋಷವುಂಟು ಎಂದು ಅದೇ ಸಂಹಿತೆ ಹೇಳುತ್ತದೆ. ನಮ್ಮ ಸಮಾಜ ಆ ಪುಟವನ್ನು ಮಡಚಿಟ್ಟು, ರೋಗದ ಹೆಸರನ್ನು ಹೆಣ್ಣಿನ ಹಣೆಗೆ ಹಚ್ಚಿತು. ಮುಟ್ಟಬಾರದ ಜಾತಿಯಲ್ಲಿ ಹುಟ್ಟಿದ ಹೆಂಗಸಿಗೆ ಮುಟ್ಟಾದರೂ ಮೈಲಿಗೆ, ಮುಟ್ಟು ನಿಂತರೂ ಮೈಲಿಗೆ.

ಇವತ್ತಿನ ವೈದ್ಯಶಾಸ್ತ್ರ ಹೇಳುವುದು ಇಷ್ಟು. ಹೆಣ್ಣುಕೂಸು ಹುಟ್ಟುವಾಗಲೇ ಅಂಡಾಶಯದಲ್ಲಿ ಹತ್ತಿಪ್ಪತ್ತು ಲಕ್ಷ ಅಂಡಗಳ ಬೀಜ ಇರುತ್ತವೆ. ಮೈನೆರೆಯುವ ಹೊತ್ತಿಗೆ ಮೂರು ನಾಲ್ಕು ಲಕ್ಷ ಉಳಿಯುತ್ತವೆ. ಆಮೇಲೆ ಕರಗುತ್ತಲೇ ಹೋಗುತ್ತವೆ. ನಲವತ್ತರೊಳಗೇ ಈ ಕಣಜ ಬರಿದಾಗುತ್ತ ಬಂದರೆ ಮುಟ್ಟು ತಪ್ಪುತ್ತದೆ, ನಿಲ್ಲುತ್ತದೆ, ಬಸಿರು ಕಷ್ಟವಾಗುತ್ತದೆ. ಕೆಲವರಿಗೆ ವಂಶದಿಂದ, ಕೆಲವರಿಗೆ ಬೇರೆ ರೋಗದಿಂದ, ಕೆಲವರಿಗೆ ಕ್ಯಾನ್ಸರಿನ ಔಷಧದಿಂದ, ಬಹಳ ಮಂದಿಗೆ ಯಾಕೆಂದು ತಿಳಿಯದೆಯೇ ಹೀಗಾಗುತ್ತದೆ. ಗ್ರಹಚಾರ, ನಾಗದೋಷ ಈ ಪಟ್ಟಿಯಲ್ಲಿ ಇಲ್ಲ.

ಮದ್ದಿನ ಚರಿತ್ರೆಗೆ ಬರೋಣ. ಶತಾವರಿಯನ್ನು ಕನ್ನಡದವರು ‘ಹಲವು ಮಕ್ಕಳ ತಾಯಿ ಬೇರು’ ಅಂತ ಕರೆದರು. ಒಂದೇ ಬಳ್ಳಿಯ ಬುಡದಲ್ಲಿ ಗೊಂಚಲು ಗೊಂಚಲಾಗಿ ಗಡ್ಡೆಬೇರು ಇರ್ತಾವ, ತಾಯಿ ಸುತ್ತ ಮಕ್ಕಳು ಕೂತಂಗ. ಎಂಥ ಹೆಸರು! ಯಾವ ಪಂಡಿತನೂ ಇಟ್ಟ ಹೆಸರಲ್ಲ ಇದು. ಬೇರು ಅಗೆದ ಕೈ ಇಟ್ಟ ಹೆಸರು ಅಂತ ನಾವು ನಂಬುತ್ತೇವೆ. ಊರವರ ಬಾಗಿಲ ಒಳಗೆ ಕಾಲಿಡದ ಕೇರಿಯ ಸೂಲಗಿತ್ತಿ ಹೆರಿಗೆ ಬೇನೆಯ ರಾತ್ರಿ ಮಾತ್ರ ನಡುಮನೆಗೂ ಬೇಕಾಗುತ್ತಿದ್ದಳು. ಆಕಿಗೆ ಗೊತ್ತಿದ್ದುದನ್ನು ಯಾವ ತಾಳೆಗರಿಯೂ ಆಕಿಯ ಹೆಸರಿನಲ್ಲಿ ಬರೆದಿಟ್ಟಿಲ್ಲ. ತಾಳೆಗರಿಯಲ್ಲಿ ಬರೆದದ್ದು ಬೇರೆ. ವಾಗ್ಭಟನ ಅಷ್ಟಾಂಗಹೃದಯದ ಫಲಘೃತವನ್ನು ನೋಡಿ: ಬೇರು ನಾರುಗಳನ್ನು ಹಾಲಿನಲ್ಲಿ, ತುಪ್ಪದಲ್ಲಿ ಕುದಿಸಿ ಇಳಿಸಿದ್ದು. ಜೋಳದ ನುಚ್ಚಿಗೆ ಮಜ್ಜಿಗೆ ಸಿಕ್ಕರೆ ಹಬ್ಬ ಅನ್ನುವ ಮನೆಯಲ್ಲಿ ಈ ತುಪ್ಪ ಎಲ್ಲಿಂದ ಬರಬೇಕು?

ಬೇರು ಸುಳ್ಳೆಂದು ನಾವು ಹೇಳುತ್ತಿಲ್ಲ. ಆದರೆ ಕರಗಿಹೋದ ಅಂಡಗಳನ್ನು ಶತಾವರಿಯಾಗಲಿ, ಅಶೋಕದ ತೊಗಟೆಯಾಗಲಿ ಮರಳಿ ತಂದದ್ದಕ್ಕೆ ಗಟ್ಟಿ ಪುರಾವೆ ಇಲ್ಲ. ಮತ್ತೆ ಊರೂರಲ್ಲಿ ‘ಇದರಿಂದಲೇ ಕೂಸಾಯಿತು’ ಅನ್ನುವವರು ಇದ್ದಾರಲ್ಲ? ಇದ್ದಾರೆ. ಅಂಡಾಶಯ ಬೇಗ ಸೋತ ನೂರು ಹೆಂಗಸರಲ್ಲಿ ಐದರಿಂದ ಹತ್ತು ಮಂದಿಗೆ ತಾನಾಗಿಯೇ ಬಸಿರು ನಿಲ್ಲುವುದುಂಟು. ಆ ಐದು ಮಂದಿಯ ಹೆಸರು ಹೇಳಿ ಬೇರು ಮಾರಾಟವಾಯಿತು, ತಾಯತ ಮಾರಾಟವಾಯಿತು, ದೇವರೂ ಮಾರಾಟವಾದ. ಉಳಿದ ತೊಂಬತ್ತೈದು ಮಂದಿ ಎಲ್ಲಿ ಅಂತ ಲೆಕ್ಕ ಇಟ್ಟವರಿಲ್ಲ.

ಹರಕೆಯ ಬೆಲೆ ಇನ್ನೂ ದೊಡ್ಡದು. ಅಶ್ವತ್ಥಕಟ್ಟೆಯ ಪ್ರದಕ್ಷಿಣೆ, ನಾಗರಕಲ್ಲಿನ ಪ್ರತಿಷ್ಠೆ ಮೇಲುಕೇರಿಯವರವು. ನಮ್ಮವರಿಗೆ ಸವದತ್ತಿಯ ಗುಡ್ಡ ಉಳಿಯಿತು. ‘ಯಲ್ಲವ್ವಾ, ಒಂದು ಕೂಸು ಕೊಡು, ಹೆಣ್ಣಾದರ ನಿನಗs ಬಿಡ್ತೀವಿ.’ ಬಂಜೆ ಅನ್ನೋ ಬೈಗುಳದಿಂದ ತಾಯಿ ಪಾರಾದಳು, ಮಗಳು ಮುತ್ತು ಕಟ್ಟಿಸಿಕೊಂಡು ಊರಗೌಡರ ಪಾಲಾದಳು. ಒಬ್ಬಳ ಉಡಿ ತುಂಬಲು ಇನ್ನೊಬ್ಬಳ ಬದುಕನ್ನು ಅಡವಿಟ್ಟ ಈ ಪದ್ಧತಿಗೆ ಮುಂಬಯಿ ಸರಕಾರ 1934ರಲ್ಲಿ ಕಾಯ್ದೆ ತಂತು. ಗುಡಗೇರಿ ಆಗ ಕಿರಿಯ ಮಿರಜ ಸಂಸ್ಥಾನದಲ್ಲಿತ್ತು. ಬ್ರಿಟಿಷ್ ಮುಂಬಯಿಯ ಕಾಯ್ದೆ ಸಂಸ್ಥಾನದ ಗಡಿಗೆ ಬಂದು ನಿಲ್ಲುತ್ತಿತ್ತು, ಹರಕೆಗೆ ಮಾತ್ರ ಗಡಿ ಇರಲಿಲ್ಲ. ಕರ್ನಾಟಕದ ಕಾಯ್ದೆ ಬಂದದ್ದು 1982ರಲ್ಲಿ. 1986ರ ಮಾರ್ಚಿನಲ್ಲಿ ಸೊರಬದ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆ ತಡೆಯಲು ಹೋದ ದಲಿತ ಸಂಘರ್ಷ ಸಮಿತಿಯ ಗೆಳೆಯರು ಪೆಟ್ಟು ತಿಂದರು, ಪೊಲೀಸರೂ ತಿಂದರು. ಬೆತ್ತಲೆ ಸೇವೆಯ ಹರಕೆಗಳಲ್ಲಿ ಮಕ್ಕಳ ಹರಕೆಯೂ ಒಂದಾಗಿತ್ತು.

ಇನ್ನು ಹೊಟ್ಟೆಯ ಮಾತು. 1998–99ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಗಳನ್ನು ಹಿಡಿದು ಟಿ.ಎಸ್. ಶ್ಯಾಮಲಾ ಮತ್ತು ಎಂ. ಶಿವಕಾಮಿ 2005ರಲ್ಲಿ ಒಂದು ಲೇಖನ ಬರೆದರು. ಮೂವತ್ತರ ಆಚೀಚೆಗೇ ಮುಟ್ಟು ನಿಂತವರು ಈ ದೇಶದಲ್ಲಿ ನೂರಕ್ಕೆ ಸುಮಾರು ನಾಲ್ಕು ಮಂದಿ. ಅಕ್ಷರ ಇಲ್ಲದವರಲ್ಲಿ, ಹಳ್ಳಿಯವರಲ್ಲಿ, ಹೊಲದ ಕೂಲಿಯವರಲ್ಲಿ, ಮೈಯಲ್ಲಿ ಮಾಂಸ ಇಲ್ಲದವರಲ್ಲಿ ಇದು ಹೆಚ್ಚು. ಇದನ್ನು ಓದಿದಾಗ ನಮಗೆ ಹೊಸದೇನೂ ಅನ್ನಿಸಲಿಲ್ಲ. ನಮ್ಮ ಅವ್ವಂದಿರ ವಯಸ್ಸು ಊರಿನ ಗೌಡತಿಯರ ವಯಸ್ಸಿಗಿಂತ ಯಾವಾಗಲೂ ಹತ್ತು ವರ್ಷ ಮುಂದೆ ಓಡಿದೆ. ಬರೇ ಬಡತನ ಅಲ್ಲ, ಕತ್ತರಿಯೂ ಇದೆ. ಬಿಳಿಸೆರಗು, ಹೊಟ್ಟೆನೋವು ಅಂತ ಹೋದ ಲಂಬಾಣಿ, ದಲಿತ ಹೆಂಗಸರ ಗರ್ಭಕೋಶಗಳನ್ನೇ ತೆಗೆದ ಸಂಗತಿ ಕಲಬುರಗಿ ಜಿಲ್ಲೆಯಲ್ಲಿ 2015ರಲ್ಲಿ ಬಯಲಾಯಿತು. ಅವರಲ್ಲಿ ನಲವತ್ತರ ಒಳಗಿನವರೇ ಬಹಳ. ಗರ್ಭಕೋಶದ ಜೊತೆ ಅಂಡಾಶಯ ಹೋದರೆ ಮುಪ್ಪು ಮರುದಿನವೇ ಬಂತು; ಅಂಡಾಶಯ ಬಿಟ್ಟರೂ ಅದು ಬೇಗ ಸೋಲುವುದುಂಟು. ಬೇಡದ ಈ ಆಪರೇಷನ್ನುಗಳನ್ನು ತಡೆಯುವ ಮಾರ್ಗಸೂಚಿಯನ್ನು ಜಾರಿಗೆ ತನ್ನಿ ಎಂದು ಸುಪ್ರೀಂ ಕೋರ್ಟು ರಾಜ್ಯಗಳಿಗೆ ಹೇಳಿದ್ದು 2023ರಲ್ಲಿ.

ಈಗ ಹುಬ್ಬಳ್ಳಿಯಲ್ಲಿ ‘ಸಂತಾನ ಭಾಗ್ಯ’ದ ಬೋರ್ಡುಗಳು ಸಾಲಾಗಿ ನಿಂತಿವೆ. ಸೂಜಿಚಿಕಿತ್ಸೆ, ಡಿಎಚ್‌ಇಎ ಗುಳಿಗೆ, ಅಂಡಾಶಯಕ್ಕೆ ರಕ್ತದ ಪ್ಲೇಟ್‌ಲೆಟ್ ಚುಚ್ಚುವುದು, ಡಬ್ಬಿಯಲ್ಲಿ ತುಂಬಿದ ಅದೇ ಶತಾವರಿ ಪುಡಿ. ಮನಸ್ಸಿಗೆ ಸಮಾಧಾನ, ನಿದ್ದೆ ಇವುಗಳಿಂದ ಕೆಲವರಿಗೆ ಸಿಕ್ಕೀತು. ಅಂಡ ಹೆಚ್ಚುತ್ತದೆ ಅನ್ನುವುದು ಸಾಬೀತಾಗಿಲ್ಲ. ಬಸಿರಿನ ದಾರಿ ಹೆಚ್ಚಿನವರಿಗೆ ಉಳಿಯುವುದು ಇನ್ನೊಬ್ಬ ಹೆಣ್ಣಿನ ಅಂಡದಿಂದ. ಅದಕ್ಕೆ 2021ರ ಕಾಯ್ದೆಯ ಕಟ್ಟಳೆ ಇದೆ, ಲಕ್ಷಗಟ್ಟಲೆ ಖರ್ಚಿದೆ. ಆದರೆ ಬೋರ್ಡಿನವರು ಹೇಳದ ಒಂದು ಮಾತಿದೆ: ಬೇಗ ಮುಟ್ಟು ನಿಂತವಳಿಗೆ ಕೂಸು ಬೇಕಿರಲಿ ಬಿಡಲಿ, ಐವತ್ತರ ತನಕ ಹಾರ್ಮೋನು ಗುಳಿಗೆ ಬೇಕು, ಇಲ್ಲದಿದ್ದರೆ ಎಲುಬು ಸವೆಯುತ್ತದೆ, ಗುಂಡಿಗೆ ಬಳಲುತ್ತದೆ. ಯಾರಿಗೆ ಅದು ಬೇಡ ಅಂತ ವೈದ್ಯರೇ ನೋಡಿ ಹೇಳಬೇಕು. ಕಲ್ಲು ಮಣ್ಣು ಹೊರುವ ಎಲುಬಿನ ಚಿಂತೆ ಮಾಡಿದವರು ಯಾರು? ಕೂಸು ಹೆರದ ಮೈ ಅಂದಮ್ಯಾಲೆ ಅದಕ್ಕೇನು ಔಷಧ ಅಂತಾರ.

ಮಕ್ಕಳಾಗದ ಜೋಡಿಗಳಲ್ಲಿ ಅರ್ಧಕ್ಕರ್ಧ ಕಡೆ ಗಂಡಿನ ದೋಷವೂ ಸೇರಿರುತ್ತದೆ. ಗಂಡಿನ ಪರೀಕ್ಷೆ ಎಲ್ಲಕ್ಕಿಂತ ಅಗ್ಗದ್ದು, ನೋವಿಲ್ಲದ್ದು, ಒಂದೇ ದಿನದ್ದು. ಗುಡಗೇರಿಯಿಂದ ರೈಲು ಹತ್ತಿ ಹುಬ್ಬಳ್ಳಿಗೆ ಬರುವ ಜೋಡಿಗಳಲ್ಲಿ ಚೀಟಿ ಹಿಡಿದು ಸಾಲಿನಲ್ಲಿ ನಿಲ್ಲುವಾಕಿ ಹೆಂಡತಿ. ಗಂಡ ಹೊರಗ ಚಹಾದಂಗಡಿಯಾಗ ಕುಂತಿರ್ತಾನ.