ಕರೆಂಟು ಬಂದದ್ದು ಕರುಣೆಯಿಂದ

ಮಾನಸಿಕ ರೋಗಿಗಳಿಗೆ ವಿದ್ಯುತ್ ಕೊಡುವ ಪದ್ಧತಿ (ಇಸಿಟಿ) ಶುರುವಾದದ್ದು ಅದಕ್ಕಿಂತ ಭೀಕರವಾದ ಇನ್ನೊಂದು ಪದ್ಧತಿಯನ್ನು ಕೈಬಿಡಲು ಎಂದರೆ ಈಗ ನಂಬುವುದು ಕಷ್ಟ. ಸ್ಕಿಜೋಫ್ರೇನಿಯಾ ಇದ್ದಲ್ಲಿ ಮೂರ್ಛೆರೋಗ ಇರುವುದಿಲ್ಲವೆಂದು ಭಾವಿಸಿದ ಬುಡಾಪೆಸ್ಟ್‌ನ ಲಾಡಿಸ್ಲಾಸ್ ಮೆಡುನಾ, 1934ರಲ್ಲಿ ಕರ್ಪೂರದ ಇಂಜೆಕ್ಷನ್ ಕೊಟ್ಟು ರೋಗಿಗಳಿಗೆ ಬೇಕೆಂದೇ ಫಿಟ್ಸ್ ಬರಿಸಿದರು. ಆ ಸಿದ್ಧಾಂತ ತಪ್ಪಾಗಿತ್ತು. ಆದರೂ ಕೆಲವು ರೋಗಿಗಳು ಚೇತರಿಸಿಕೊಂಡರು. ಆಮೇಲೆ ಬಂದ ಕಾರ್ಡಿಯಜೋಲ್ ಎಂಬ ಔಷಧ ಬೇಗ ಕೆಲಸ ಮಾಡುತ್ತಿತ್ತು, ಆದರೆ ಸೆಳೆತ ಶುರುವಾಗುವ ಮೊದಲು ರೋಗಿ ಪೂರ್ತಿ ಎಚ್ಚರದಲ್ಲಿದ್ದು, ಸಾವೇ ಎದುರು ನಿಂತಂತೆ ನಡುಗುತ್ತಿದ್ದ. ರೋಮ್‌ನ ಉಗೊ ಚೆರ್ಲೆಟ್ಟಿ ಕಸಾಯಿಖಾನೆಗೆ ಹೋಗಿ ನೋಡಿದಾಗ, ತಲೆಗೆ ಕರೆಂಟು ತಗುಲಿದ ಹಂದಿಗಳು ಸಾಯದೆ ಬರೀ ಸೆಳೆತಕ್ಕೊಳಗಾಗುತ್ತಿದ್ದವು. ಅವು ಸಾಯುತ್ತಿದ್ದುದು ಕತ್ತಿಯಿಂದ. 1938ರಲ್ಲಿ ಅವರೂ ಲೂಚಿಯೊ ಬಿನಿಯೂ ಮನುಷ್ಯನ ಮೇಲೆ ಮೊದಲ ಪ್ರಯೋಗ ನಡೆಸಿದರು. ಕರೆಂಟು ತಾಗಿದ ಕೂಡಲೇ ಎಚ್ಚರ ತಪ್ಪುವುದರಿಂದ ಕಾರ್ಡಿಯಜೋಲಿನ ಆ ದಿಗಿಲು ಇಲ್ಲವಾಯಿತು. ಗುಣಕ್ಕೆ ಕಾರಣ ಮಿದುಳಿನಲ್ಲಿ ಏಳುವ ಸೆಳೆತ, ಕರೆಂಟು ಅದಕ್ಕೊಂದು ದಾರಿಯಷ್ಟೆ ಎಂಬುದನ್ನು ಹಿಡಿದುಕೊಂಡರೆ ಮುಂದಿನ ಚರಿತ್ರೆ ಅರ್ಥವಾಗುತ್ತದೆ: ಸೆಳೆತವನ್ನು ಉಳಿಸಿಕೊಂಡು ಅದರ ಸುತ್ತಲಿನ ಹಿಂಸೆಯನ್ನು ಒಂದೊಂದಾಗಿ ಕಳಚಿದ ಚರಿತ್ರೆ ಅದು.

ಆ ಹಿಂಸೆ ಕಟ್ಟುಕತೆಯಲ್ಲ. ಒದ್ದಾಟದಲ್ಲಿ ಬೆನ್ನುಮೂಳೆಗಳು ಮುರಿಯುತ್ತಿದ್ದವು, ಆಸ್ಪತ್ರೆಗಳು ಹಟಮಾರಿ ರೋಗಿಗಳನ್ನು ಬಗ್ಗಿಸಲೂ ಇದನ್ನು ಬಳಸಿದ್ದುಂಟು. 1950ರ ದಶಕದಲ್ಲಿ ಸ್ನಾಯು ಸಡಿಲಿಸುವ ಸಕ್ಸಿನೈಲ್‌ಕೋಲಿನ್ ಬಂದು, ಅರಿವಳಿಕೆಯೂ ಜೊತೆಗೂಡಿ, ಮೈ ಒದ್ದಾಡುವುದು ನಿಂತಿತು. ಎಷ್ಟರ ಮಟ್ಟಿಗೆ ಎಂದರೆ, ಸೆಳೆತ ಬಂತೋ ಇಲ್ಲವೋ ತಿಳಿಯಲು ಔಷಧ ಕೊಡುವ ಮೊದಲೇ ಒಂದು ಕಣಕಾಲಿಗೆ ಬಿಪಿ ಪಟ್ಟಿ ಬಿಗಿದಿರುತ್ತಾರೆ. ರಕ್ತ ತಡೆದ ಆ ಪಾದಕ್ಕೆ ಔಷಧ ತಲುಪುವುದಿಲ್ಲ, ಅದೊಂದೇ ಅದುರುತ್ತದೆ. ಬರೀ ಅರಿವಳಿಕೆ ಕೊಟ್ಟು ನಂಬಿಸಿದರೂ ರೋಗಿ ಸುಧಾರಿಸಬಹುದಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಅದಕ್ಕಾಗಿ ಕರೆಂಟಿಲ್ಲದ ಅಣಕು ಚಿಕಿತ್ಸೆಯೊಡನೆ ಹೋಲಿಸಿದ ಪ್ರಯೋಗಗಳು ನಡೆದವು. ಅಂಥವನ್ನು ಒಟ್ಟುಗೂಡಿಸಿ 2003ರಲ್ಲಿ ಲ್ಯಾನ್ಸೆಟ್ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಖಿನ್ನತೆಗೆ ನಿಜವಾದ ಇಸಿಟಿ ಅಣಕಿಗಿಂತಲೂ ಮಾತ್ರೆಗಳಿಗಿಂತಲೂ ಹೆಚ್ಚು ಫಲ ಕೊಟ್ಟಿತ್ತು. ಅನ್ನನೀರು ಬಿಟ್ಟು ಕಲ್ಲಾಗಿ ಕುಳಿತ ಕೆಟಟೋನಿಯಾ ರೋಗಿಗೆ, ಸಾಯುವ ಹಟ ಹಿಡಿದವರಿಗೆ, ಮಾತ್ರೆ ಕೆಲಸ ಮಾಡುವ ತನಕ ವಾರಗಟ್ಟಲೆ ಕಾಯುವ ವ್ಯವಧಾನ ಇರುವುದಿಲ್ಲ.

ನೆನಪು ಹೋಗುವ ದೂರನ್ನು ಮಾತ್ರ ವೈದ್ಯರು ಬಹುಕಾಲ ಹಗುರಾಗಿ ಕಂಡರು. ಚಿಕ್ಕ ಮಿಡಿತಗಳ ಕರೆಂಟು, ತಲೆಯ ಒಂದೇ ಬದಿಗೆ ಕೊಡುವ ಕ್ರಮ ಅದನ್ನು ತಗ್ಗಿಸಿವೆ, ಪೂರ್ತಿ ಅಳಿಸಿಲ್ಲ. ಚಿಕಿತ್ಸೆಯ ಆಸುಪಾಸಿನ ಕೆಲವು ನೆನಪುಗಳು ಮರಳದೆಯೂ ಇರಬಹುದು. ಗುಣವಾದ ಮೇಲೆ ಔಷಧ ಮುಂದುವರಿಸದಿದ್ದರೆ ರೋಗ ಮರುಕಳಿಸುವುದೂ ಹೆಚ್ಚು. ಇವನ್ನು ಮೊದಲೇ ಹೇಳಿ ಒಪ್ಪಿಗೆ ಪಡೆಯಬೇಕು. ಇನ್ನು ನಮ್ಮ ದೇಶದ ಭಯಕ್ಕೆ ಬೇರೆಯದೇ ಕಾರಣವಿತ್ತು: ಅರಿವಳಿಕೆ ತಜ್ಞರಿಲ್ಲವೆಂಬ ನೆಪದಲ್ಲಿ ಇಲ್ಲಿ ದಶಕಗಟ್ಟಲೆ ಹಳೆಯ ರೀತಿಯೇ ನಡೆಯಿತು. ಅರಿವಳಿಕೆಯೂ ಸ್ನಾಯು ಸಡಿಲಿಸುವ ಔಷಧವೂ ಇಲ್ಲದೆ ಇಸಿಟಿ ಕೊಡುವುದನ್ನು ನಿಷೇಧಿಸಿದ್ದು 2017ರ ಮಾನಸಿಕ ಆರೋಗ್ಯ ಕಾಯ್ದೆ; ಅಪ್ರಾಪ್ತ ವಯಸ್ಕರಿಗಾದರೆ ಪೋಷಕರ ಒಪ್ಪಿಗೆಯ ಮೇಲೆ ಆ ಕಾಯ್ದೆಯಡಿಯ ಪರಿಶೀಲನಾ ಮಂಡಳಿಯ ಪೂರ್ವಾನುಮತಿಯೂ ಬೇಕು.